ಚೀಟಿ ಇಲ್ಲದೆ ಹೋದ ಅರ್ಜಿ

ಬಾಳೆಹೊಸೂರಿನಲ್ಲಿ ಆಗ ಯಾವ ನೌಕರಿಗಾದರೂ ಮೊದಲು ಬೇಕಾದದ್ದು ಒಂದು ಚೀಟಿ. "ಇವರು ನಮ್ಮವರು, ಕೈ ಹಿಡಿಯಿರಿ" ಎಂದು ದೊಡ್ಡವರು ಯಾರಾದರೂ ಬರೆದುಕೊಟ್ಟ ಚೀಟಿ. ಸಂಸ್ಥಾನ ಹೋಗಿ ಸ್ವರಾಜ್ಯ ಬಂದಿತ್ತು. ಕನ್ನಡ ನಾಡು ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆದರೂ ಚೀಟಿಯ ರೂಢಿ ಊರಿನ ಮನಸ್ಸಿನಿಂದ ಹೋಗಿರಲಿಲ್ಲ.

ಸಿದ್ದಲಿಂಗವ್ವನ ಗಂಡ ಸಕ್ರಪ್ಪ ಊರು ಕಾಯುವ ವಾಲೀಕಾರನಾದದ್ದೂ ಹಾಗೆಯೇ. ಎಲೆ, ಅಡಿಕೆ, ತೆಂಗಿನಕಾಯಿ ಹಿಡಿದು, ಸಂಸ್ಥಾನದ ಆಡಳಿತ ನೋಡುತ್ತಿದ್ದ ಕಾರಭಾರಿಯವರ ಕಟ್ಟೆಯ ಮುಂದೆ ನಿಂತು ತಂದ ಚೀಟಿಯಿಂದ. ಆ ಕಾರಭಾರಿಗೆ ಈಗ ಅಧಿಕಾರವಿಲ್ಲ, ವಯಸ್ಸೂ ಆಗಿದೆ. ಊರಿಗೆ ಮಾತ್ರ ಅವರು ಇಂದಿಗೂ ಸಾಹೇಬರೇ.

ಹಾಗಾಗಿ ಧಾರವಾಡದಲ್ಲಿ ಬಿ.ಎ. ಪಾಸಾಗಿ ಬಂದ ಮಗಳು ದೇವವ್ವ, ದೇಶದ ದೊಡ್ಡ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಗೆ ಅರ್ಜಿ ತುಂಬಿದಾಗ, ಸಿದ್ದಲಿಂಗವ್ವ ತಾಯಿಯಾಗಿ ತನ್ನ ಪಾಲಿನ ಕೆಲಸ ಮಾಡಿದಳು. ಯಾರಿಗೂ ಹೇಳದೆ ಕಟ್ಟೆಯ ಮುಂದೆ ಹೋಗಿ ನಿಂತಳು.

ಅರ್ಜಿ ಟಪಾಲಿಗೆ ಹೋಗಲು ಒಂದೇ ದಿನ ಉಳಿದಿತ್ತು. ದೇವವ್ವ ಫೋಟೋ ತರಲು ಗದಗಕ್ಕೆ ಹೋಗಿದ್ದಳು. "ಅಕ್ಕೋರಿಗೆ ಒಮ್ಮೆ ತೋರಿಸವ್ವಾ" ಎಂದು ಕಾಗದಗಳನ್ನು ತಾಯಿಯ ಕೈಯಲ್ಲಿ ಇಟ್ಟಿದ್ದಳು. ಅಕ್ಕೋರು ಎಂದರೆ ಪಕ್ಕದ ಮನೆಯ ಅಖ್ತರಿ, ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ.

ಅಖ್ತರಿ ಕಾಗದ ಬಿಡಿಸುತ್ತಲೇ ಅರಗಿನ ಮುದ್ರೆಯ ಚೀಟಿಯೊಂದು ಮೇಲೆಯೇ ಕಂಡಿತು.

"ಇದೇನ್ರಿ ಅಕ್ಕಾ?"

"ಕಾರಭಾರಿ ಸಾಹೇಬ್ರ ಚೀಟಿ ರೀ ಅಕ್ಕೋರ. ಮೂರ ದಿನಾ ನಿಂತು ತಂದೀನಿ. ದಿಲ್ಲಿಯವ್ರಿಗೆ ಜಲ್ದಿ ಕಾಣ್ಲಿ ಅಂತ ಮ್ಯಾಲೇ ಇಟ್ಟೀನಿ."

"ದೇವವ್ವಗ ಗೊತ್ತೈತೇನು?"

"ಅಕಿಗ್ಯಾಕ ಹೇಳ್ಲಿ? ಕಲತಾಕಿ, ಭಿಡೆ ಜಾಸ್ತಿ."

ಅಖ್ತರಿ ನಕ್ಕಳು. ಆಮೇಲೆ ಅರ್ಜಿಯ ಜೊತೆ ಬಂದ ನಿಯಮಗಳ ಹಾಳೆ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಬರದಾರ ಕೇಳ್ರಿ. ಯಾರ ಕಡಿಂದನರ ಶಿಫಾರಸು ಮಾಡಿಸಿದ್ರ ಅರ್ಜಿನ ತಗದ ಹಾಕಬಹುದು ಅಂತ."

"ಶಿಫಾರಸು ಮಾಡಿಸಿದ್ರ ನೌಕರಿ ಹೋಗತೈತಾ? ಚ್ಯಾಷ್ಟಿ ಮಾಡಬ್ಯಾಡ್ರಿ ಅಕ್ಕೋರ."

"ಚ್ಯಾಷ್ಟಿ ಅಲ್ಲ, ಖರೆ. ಈ ಚೀಟಿ ಇಟ್ಟಿದ್ರ ದೇವವ್ವನ ಓದೆಲ್ಲಾ ನೀರಾಗ ಹೋಗತಿತ್ತು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಕ್ರಪ್ಪನಿಗೂ ನಂಬಿಕೆ ಬರಲಿಲ್ಲ.

"ಚೀಟಿ ಇಲ್ಲಾ ಅಂದ್ರ ಆರಸೋದು ಹೆಂಗ್ರಿ? ಅದೂ ಹೆಣ್ಣಮಗಳನ್ನ?"

"ಹೆಣ್ಣಮಕ್ಕಳೂ ಬರೀಬಹುದು ಅಣ್ಣಾರ. ಮೊದಲ ಮುಂಬೈದಾಗ ಬರಿಯೋ ಪರೀಕ್ಷಾ. ಹಾಳಿ ಮ್ಯಾಲೆ ಹೆಸರು ಹಾಕಂಗಿಲ್ಲ, ನಂಬರ ಅಷ್ಟ. ಯಾವ ಊರಾಕಿ, ಯಾವ ಕುಲದಾಕಿ, ಯಾರ ಮಗಳು, ತಿದ್ದಾವ್ರಿಗೆ ಏನೂ ಗೊತ್ತಾಗಂಗಿಲ್ಲ. ಅದರಾಗ ಛಲೋ ಬರದವ್ರನ್ನ ಸಂದರ್ಶನಕ್ಕ ಕರೀತಾರ. ಹಿರ್ಯಾರು ನಾಕ ಮಂದಿ ಕುಂತು ಮಾತಾಡಸ್ತಾರ. ಎರಡರ ಮಾರ್ಕ್ಸ್ ಕೂಡಿಸಿ ಪಟ್ಟಿ ಮಾಡ್ತಾರ."

"ಇಡೀ ದೇಶದ ಮಂದಿ ಬರೀತಾರ," ಎಂದಳು ಸಿದ್ದಲಿಂಗವ್ವ. "ಅಷ್ಟರಾಗ ನನ್ನ ಮಗಳ ಗುರ್ತು ಯಾರು ಹಿಡೀಬೇಕ್ರಿ?"

"ಯಾರೂ ಹಿಡಿಯಂಗಿಲ್ಲ ಅಕ್ಕಾ. ಅದ ಅಕಿಗೆ ಛಲೋದು."

ಆ ಮಾತು ಸಿದ್ದಲಿಂಗವ್ವನೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ವರ್ಷ ಅವಳನ್ನು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಯಾರ ಪೈಕಿ ಎಂದು. ಹುಚ್ಚಪ್ಪನ ಮಗಳು, ವಾಲೀಕಾರನ ಹೆಂಡತಿ ಎಂದು ಉತ್ತರ ಕೊಟ್ಟ ಮೇಲೆಯೇ ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು ಎಂಬುದು ತೀರ್ಮಾನವಾಗುತ್ತಿತ್ತು. ಆ ಪ್ರಶ್ನೆಯನ್ನೇ ಕೇಳದ ಒಂದು ಕೋಣೆ ಈ ದೇಶದಲ್ಲಿ ಇದೆ, ತನ್ನ ಮಗಳು ಅಲ್ಲಿಗೆ ಹೋಗುತ್ತಾಳೆ. ಮೊದಲು ಹೆದರಿಕೆಯಾಯಿತು. ಆಮೇಲೆ, ತಲೆಯ ಮೇಲಿನ ಹೊರೆ ಇಳಿಸಿದಾಗ ಕುತ್ತಿಗೆ ತಾನಾಗಿಯೇ ನೆಟ್ಟಗಾಗುತ್ತದಲ್ಲ, ಹಾಗಾಯಿತು.

ಅಖ್ತರಿ ಚೀಟಿ ಹರಿಯಲು ಹೋದಳು.

"ಹರಿಬ್ಯಾಡ್ರಿ. ನಾನ ತಂದೀನಿ, ನಾನ ತಿರುಗಿ ಕೊಡತೀನಿ."

"ಸಾಹೇಬ್ರು ಸಿಟ್ಟಾದ್ರ?" ಎಂದ ಸಕ್ರಪ್ಪ.

"ಆಗ್ಲಿ. ಅರ್ಜಿ ಉಳೀತೈತಲ್ಲ."

ಆ ಮಧ್ಯಾಹ್ನವೇ ಕಟ್ಟೆಯ ಮೇಲೆ ಕಾರಭಾರಿಯವರು ಚೀಟಿಯನ್ನು ತಿರುಗಿಸಿ ನೋಡಿದರು.

"ಯಾಕ, ಬರದದ್ದು ಕಡಿಮಿ ಆತೇನು?"

"ಕಡಿಮಿ ಇಲ್ರಿ ಸಾಹೇಬ್ರ. ಇದನ್ನ ಇಟ್ಟರ ಅರ್ಜಿ ತಗದ ಹಾಕ್ತಾರಂತ."

"ನನ್ನ ಸಹಿ ಇದ್ದದ್ದನ್ನ?"

"ಯಾರ ಸಹಿ ಇದ್ದದ್ದನ್ನೂ ರೀ."

ಅವರು ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟರು. "ಹಂಗಾದ್ರ ನಿನ್ನ ಮಗಳು ಎಂಥಾಕಿ ಅಂತ ಅವರಿಗೆ ಹೆಂಗ ತಿಳೀಬೇಕು?"

"ಅಕಿ ಬರದದ್ದು ಓದಿದ್ರ ತಿಳೀತೈತ್ರಿ."

ಹೇಳಿಬಿಟ್ಟ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆ ಕಟ್ಟೆಯ ಮುಂದೆ ಅವಳು ಬೇಡಲು ಬಾಯಿ ತೆರೆದಿದ್ದಳೇ ಹೊರತು, ಉತ್ತರ ಕೊಡಲು ಎಂದೂ ತೆರೆದಿರಲಿಲ್ಲ.

ಸಂಜೆ ಮನೆಗೆ ಬಂದ ದೇವವ್ವ ಎಲ್ಲ ಕೇಳಿ ಎದೆ ಹಿಡಿದುಕೊಂಡಳು. "ಯವ್ವಾ, ಮುಂಬೈ ನೋಡೂದರಾಗ ನೀನ ನನ್ನ ನಪಾಸ ಮಾಡತಿದ್ದಿ ನೋಡು."

ಅರ್ಜಿ ಹೋಯಿತು. ಕೆಲವು ತಿಂಗಳಿಗೆ ಪರೀಕ್ಷೆಯ ಪ್ರವೇಶಪತ್ರ ಬಂತು. ಅದರಲ್ಲಿದ್ದ ನಂಬರು ಯಾವುದೆಂದು ಸಿದ್ದಲಿಂಗವ್ವ ಕೇಳಿದಳು. ಅವಳಿಗೆ ಓದಲು ಬಾರದು. ಆದರೂ ಬೆರಳನ್ನು ಸುಣ್ಣದಲ್ಲಿ ಅದ್ದಿ, ಆ ನಾಲ್ಕು ಅಂಕಿಗಳನ್ನು ಇದ್ದ ಹಾಗೆಯೇ ಅಡುಗೆಮನೆಯ ಗೋಡೆಯ ಮೇಲೆ ತಿದ್ದಿದಳು. ದಿನವೂ ರೊಟ್ಟಿ ಬಡಿಯುವಾಗ ಅವು ಅವಳ ಕಣ್ಣೆದುರೇ ಇರುತ್ತಿದ್ದವು.

ದೇವವ್ವ ಮುಂಬೈಗೆ ಹೋಗಿ ಪರೀಕ್ಷೆ ಬರೆದು ಬಂದಳು. ಮುಂದೆ ಒಂದು ದಿನ ದಿಲ್ಲಿಯ ಕಾಗದ ಬಂದಾಗ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಕಾಗದವನ್ನು ಗೋಡೆಗೆ ಹಿಡಿದಳು. ಒಂದೊಂದೇ ಅಂಕಿ ನೋಡಿದಳು. ನಾಲ್ಕೂ ಕೂಡಿದವು. ಹಿಟ್ಟಿನ ಕೈಯಲ್ಲೇ ಶಾಲೆಗೆ ನಡೆದಳು.

"ಅಕ್ಕೋರ, ನಂಬರ ನಮ್ಮದ ಐತಿ. ಉಳಿದದ್ದು ಏನೈತಿ ಓದ್ರಿ."

ಅಖ್ತರಿ ಓದಿದಳು. ಸಂದರ್ಶನಕ್ಕೆ ಕರೆದಿದ್ದರು.

ಸಂದರ್ಶನವೂ ಆಯಿತು, ದೇವವ್ವ ಕೇಂದ್ರ ಸೇವೆಯೊಂದಕ್ಕೆ ಆಯ್ಕೆಯೂ ಆದಳು. ಸುದ್ದಿ ಕೇಳಿದ ಕಾರಭಾರಿಯವರು ಓಣಿಯಲ್ಲಿ ಸಿದ್ದಲಿಂಗವ್ವನನ್ನು ತಡೆದು ನಿಲ್ಲಿಸಿದರು.

"ಖರೆ ಹೇಳು. ನಂದು ಬ್ಯಾಡಂದು ಮತ್ಯಾರ ಚೀಟಿ ತಗೊಂಡಿ?"

"ಯಾರದೂ ಇಲ್ರಿ ಸಾಹೇಬ್ರ," ಎಂದಳು ಸಿದ್ದಲಿಂಗವ್ವ, ಓಣಿಯವರೆಲ್ಲ ಕೇಳುವ ಹಾಗೆ.

ಓದುತ್ತಿರುವ ಅಕ್ಕತಂಗಿಯರೇ, ಅಂದಿನಿಂದ ನಿಯಮಗಳು ಬಹಳ ಬದಲಾಗಿವೆ. ಅರ್ಜಿ ಈಗ ಕಂಪ್ಯೂಟರಿನಲ್ಲಿ ತುಂಬುತ್ತಾರೆ. ಮೊದಲು ಪೂರ್ವಭಾವಿ ಪರೀಕ್ಷೆ, ಅದರಲ್ಲಿ ಗೆದ್ದರೆ ಮುಖ್ಯ ಪರೀಕ್ಷೆ, ಕೊನೆಗೆ ಸಂದರ್ಶನ. ಮುಖ್ಯ ಪರೀಕ್ಷೆಗೆ ಕನ್ನಡದಲ್ಲೂ ಉತ್ತರ ಬರೆಯಬಹುದು. ಪದವಿ ಬೇಕು. ವಯಸ್ಸಿಗೂ ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿಯಿದೆ, ಆಯಾ ವರ್ಷದ ಅಧಿಸೂಚನೆಯನ್ನು ಮಕ್ಕಳ ಜೊತೆ ಕುಳಿತು ಓದಿ. ಶಿಫಾರಸು ಮಾತ್ರ ಅಂದಿನಂತೆ ಇಂದಿಗೂ ಸಲ್ಲದು. "ನಮಗೆ ದೊಡ್ಡವರು ಗೊತ್ತು, ಮಾಡಿಸಿಕೊಡುತ್ತೇವೆ" ಎಂದು ಬರುವವರನ್ನು ಬಾಗಿಲಿನಿಂದಲೇ ಕಳುಹಿಸಿ. ಮಗಳು ಓದಲು ಕುಳಿತಾಗ ಮನೆಗೆಲಸಕ್ಕೆ ಕರೆಯಬೇಡಿ. ಅವಳ ನಂಬರು ಬಂದ ದಿನ, ಅದನ್ನು ನಿಮ್ಮ ಗೋಡೆಯ ಮೇಲೆ ನೀವೇ ಬರೆಯಿರಿ.