ಬಾಗಿಲಾಚೆಯ ಗಮಿ ಗಮಿ

ಜಪಾನಿಗೆ ಹೋಗಿ ಅಲ್ಲಿನ ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿಯಬೇಕೆಂದರೆ ಭುವನೇಶ್ವರಿ ಅವರ ಭಾಷೆಯಲ್ಲಿ ಮಾತಾಡಿ ಪಾಸಾಗಬೇಕಿತ್ತು. ಎರಡು ಸಲ ಫೇಲಾಗಿದ್ದಳು. ಇವತ್ತಿನದೇ ಕೊನೆಯ ಅವಕಾಶ. ಎರಡೂ ಸಲ ಕೈಕೊಟ್ಟದ್ದು ಒಂದೇ ಪಾಠ: ಜನ ಹೇಗೆಲ್ಲ ಮಾತಾಡುತ್ತಾರೆ ಎನ್ನುವುದಕ್ಕೆ ಆ ದೇಶದವರು ಇಟ್ಟುಕೊಂಡಿರುವ ಜೋಡಿ ಸದ್ದುಗಳು.

“ಇದ್ರಾಗ ಏನೈತಿ ಕಷ್ಟ?” ಎಂದಳು ತಾಯಿ ಸುಂದ್ರವ್ವ, ಗ್ರಾಂಟ್ ರೋಡಿನಲ್ಲಿ ಲೋಕಲ್ ರೈಲು ಹತ್ತುತ್ತಲೇ. ಲಾಡ್ಜಿನಲ್ಲಿ ಕಸ ಗುಡಿಸುವ ಆಕೆಗೆ ಮಗಳು ಓದಿದ್ದನ್ನು ಕೇಳಿ ಕೇಳಿ ಎಲ್ಲ ಬಾಯಿಪಾಠವಾಗಿತ್ತು. “ನಾವು ಗುಸುಗುಸು, ವಟವಟ ಅನ್ನಂಗಿಲ್ಲೇನು? ಹಂಗ ಅವರೂ. ನೋಡಲ್ಲಿ!”

ಕಿಟಕಿಯ ಬಳಿ ಇಬ್ಬರು ಹುಡುಗಿಯರು ಕಿವಿಗೆ ಬಾಯಿ ಹಚ್ಚಿದ್ದರು. “ಹಿಸೊ ಹಿಸೊ!” ಎಂದು ಸುಂದ್ರವ್ವ ಬೆರಳು ತೋರಿಸಿದಳು. ವಡಾಪಾವ್ ತುಂಬಿದ ಬಾಯಲ್ಲೇ ಏನೋ ಹೇಳಿದ ಮುದುಕಿಗೆ “ಮೊಗೊ ಮೊಗೊ!” ಫೋನಿನಲ್ಲಿ ತಡೆಯಿಲ್ಲದೆ ಇಂಗ್ಲಿಷ್ ಸುರಿಸುತ್ತಿದ್ದವಳಿಗೆ “ಪೆರ ಪೆರ!” ಮಾಹಿಮ್ ಬರುವಷ್ಟರಲ್ಲಿ ಮೀನಿನ ಬುಟ್ಟಿಯವಳೂ ಸೇರಿ ಇಡೀ ಹೆಂಗಸರ ಡಬ್ಬಿ, ಪಿಸುಮಾತಿನ ಹಿಸೊ ಹಿಸೊವನ್ನು ಕಿರುಚಿ ಕಿರುಚಿ ಕಲಿಯುತ್ತಿತ್ತು. ಬೈಯುವುದಕ್ಕೆ ಗಮಿ ಗಮಿ. ಅದನ್ನು ತೋರಿಸೋಣವೆಂದರೆ ಅಂದು ಬೈಯುವವರೇ ಸಿಗಲಿಲ್ಲ, ಎಲ್ಲರೂ ನಗುತ್ತಿದ್ದರು.

“ಅವ್ವಾ, ಅಲ್ಲಿ ಬಂದು ಬಾಯಿ ಬಿಚ್ಚಬ್ಯಾಡ, ಪ್ಲೀಸ್. ನನ್ನ ಇಜ್ಜತ್ ಹೋಗ್ತೈತಿ.”

“ಬಿಚ್ಚಂಗಿಲ್ಲ, ನಿನ್ನಾಣೆ.”

ವಿಲೆ ಪಾರ್ಲೆಯಲ್ಲಿ ಮಗಳು ಮಹಡಿಯ ಮೇಲಿನ ಪರೀಕ್ಷೆಯ ಕೋಣೆಯೊಳಗೆ ಹೋದಳು. ಸುಂದ್ರವ್ವ ಬಾಗಿಲ ಹೊರಗೆ ತುಟಿ ಕಚ್ಚಿಕೊಂಡು ನಿಂತಳು. ತಾಯಿ ಮಗಳ ಕನ್ನಡ ಕೇಳಿಸಿಕೊಂಡಿದ್ದ ಪ್ಯೂನ್ ಪೂವಪ್ಪ, ಪುತ್ತೂರಿನವನು, ಬಂದ.

“ಇಲ್ಲಿ ನಿಲ್ಲಲಿಕ್ಕಿಲ್ಲ ಅಮ್ಮ, ಕೆಳಗೆ ಹೋಗಿ.”

ಸುಂದ್ರವ್ವ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತಳು.

“ಹೇಳಿದ್ದು ಗೊತ್ತಾಗ್ಲಿಲ್ವಾ ಮಾರಾಯ್ತಿ? ಕಿವಿ ಇಲ್ವಾ?”

ಅಷ್ಟೇ. ಆಣೆ ಹಾರಿಹೋಯಿತು.

“ಅದಾವೋ, ಎರಡದಾವು! ನಿನ್ನವು ಎಲ್ಲಿ ಅಡಾ ಇಟ್ಟೀದಿ? ನನ್ನ ಮಗಳು ಒಳಗ ಜೀವಾ ಕೈಯಾಗ ಹಿಡಕೊಂಡು ಕುಂತಾಳ, ನಾ ಕೆಳಗ ಹೋಗಿ ಏನ್ ಮಾಡ್ಲಿ, ನಿನ್ನ ಗೇಟಿಗೆ ಆರತಿ ಎತ್ತಲೇನು?”

ಒಳಗೆ ಸದ್ದಡಗಿತು. ಸುಂದ್ರವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಹೋತು, ಮಗಳ ಬಾಳಿಗೆ ನಾನೇ ಕಲ್ಲು ಹಾಕಿದೆ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಗೊಳ್ಳೆಂದು ನಗು ಸಿಡಿಯಿತು. ಬಾಗಿಲು ತೆರೆದು ಭುವನೇಶ್ವರಿ ಓಡಿಬಂದಳು.

“ನಾಕು ಶಬ್ದ ಕೇಳಿದ್ರು. ಮೂರು ಹೇಳಿದೆ. ಬೈಯೂದಕ್ಕ ಏನಂತಾರಂತ ಯಾದ್ ಆಗವಲ್ದು. ಅಷ್ಟರಾಗ ನಿನ್ನ ದನಿ! ಬಾಗಿಲಾ ತೋರಿಸಿ ‘ಗಮಿ ಗಮಿ, ನಮ್ಮವ್ವ’ ಅಂದೆ. ಪಾಸ್, ಅವ್ವಾ, ಪಾಸ್!”

ಹಿಂದೆಯೇ ಬಂದ ಜಪಾನಿ ಮೇಡಂ ಸೊಂಟ ಬಗ್ಗಿಸಿ ವಂದಿಸಿ ಏನೋ ಕೇಳಿದರು.

“ನಿನ್ನ ಮಾತು ಇನ್ನೊಮ್ಮೆ ಕೇಳಬೇಕಂತ,” ಎಂದಳು ಮಗಳು.

ಸುಂದ್ರವ್ವನ ಬಾಯಿಂದ ಹೊರಟದ್ದು ಸೆರಗಿನೊಳಗೇ ಕಳೆದುಹೋಯಿತು.

“ಮೊಗೊ ಮೊಗೊ!” ಎಂದು ಮೇಡಂ ಚಪ್ಪಾಳೆ ತಟ್ಟಿದರು.

ಪೂವಪ್ಪ ಕಿಸಕ್ಕೆಂದ. ಸುಂದ್ರವ್ವ ಬಾಯಿಂದ ಸೆರಗು ಕಿತ್ತು ಅವನ ಕಡೆ ತಿರುಗಿದಳು.

“ನೀ ಏನ್ ಹಲ್ಲು ಕಿಸೀತೀಯೋ?”