ಗಂಡ ಹೆಂಡತಿ ಎಷ್ಟು ಜನ?

ಹೇಸರಗತ್ತೆ ಕದ್ದ ಆರೋಪದ ವಿಚಾರಣೆಗೆ ಜ್ಯೂರಿಯಲ್ಲಿ ಕೂತವರಲ್ಲಿ ನಾನೂ ಒಬ್ಬ. ಕುದುರೆಯ ಜೀನು ಹೊಲಿಯುವ ನನಗೆ ಕಾನೂನು ಅಷ್ಟಕ್ಕಷ್ಟೇ. ಆದರೆ ಅಮೆರಿಕದ ಇಂಡಿಯಾನಾದ ನಮ್ಮ ಊರಿನ ಕೋರ್ಟಿನಲ್ಲಿ ಆ ದಿನ ಕಾನೂನು ಓದಿದವರೂ ನನ್ನಷ್ಟೇ ತಬ್ಬಿಬ್ಬಾಗಿದ್ದರು.

ಆರೋಪಿ ಆನ್ಸೆಲ್ ಗೋರ್ಬಿ, ಕೂಲಿಯವನು. ಅವನ ವಕೀಲ ಸೈಲಸ್ ಪೆನ್‌ಹ್ಯಾಲೋ. ಸಾಕ್ಷಿಗಳೆಲ್ಲ ಮುಗಿದ ಮರುದಿನ, ಕೊನೆಯ ವಾದಕ್ಕೆಂದು ಎದ್ದ ಸೈಲಸ್ ಬಾಯಿ ತೆರೆದರೆ ಬರೀ ಗಾಳಿ ಹೊರಟಿತು. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಹಿಂದಿನ ಬೆಂಚಿನಿಂದ ಅವನ ಹೆಂಡತಿ ಲವಿನಿಯಾ ಎದ್ದು ಬಂದಳು. ಗಂಡನ ಕಚೇರಿಯಲ್ಲೇ ಕೂತು ಕಾನೂನು ಓದಿದವಳು. ಅವನ ವಾದಗಳನ್ನು ಬರೆದುಕೊಡುವವಳೂ ಅವಳೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

"ಅಪ್ಪಣೆ ಆದ್ರೆ ನಾನು ವಾದ ಮಾಡ್ತೀನಿ ಸ್ವಾಮಿ," ಎಂದಳು.

ಸರ್ಕಾರಿ ವಕೀಲ ಟನಿಕ್ಲಿಫ್ ಕುರ್ಚಿ ದೂಡಿ ಎದ್ದ. "ಈಯಮ್ಮ ವಕೀಲರಲ್ಲ. ಈ ಕೋರ್ಟಲ್ಲಿ ಪ್ರಮಾಣ ಮಾಡಿಲ್ಲ."

"ಮಾಡಿದೀವಲ್ಲ," ಎಂದಳು ಲವಿನಿಯಾ. "ಕಾನೂನಿನ ಕಣ್ಣಿಗೆ ಗಂಡ ಹೆಂಡತಿ ಒಬ್ಬರೇ ಅಂತ ಹೋದ ತಿಂಗಳು ನೀವೇ ವಾದ ಮಾಡಿದ್ರಿ. ಆ ಒಬ್ಬರು ಇಲ್ಲೇ ಪ್ರಮಾಣ ಮಾಡಿದಾರೆ. ಅವರಲ್ಲಿ ಇವತ್ತು ಮಾತಾಡೋಕಾಗೋ ಅರ್ಧ ನಾನು."

ಜನ ನಕ್ಕರು. ನ್ಯಾಯಾಧೀಶ ಕ್ರೌಡರ್ ನಗಲಿಲ್ಲ.

"ಅದು ಹಳೇ ಕಾನೂನು," ಟನಿಕ್ಲಿಫ್ ಗಡಿಬಿಡಿಯಲ್ಲಿ ಹೇಳಿದ. "ಹೋದ ವರ್ಷ ಹೊಸ ಕಾಯಿದೆ ಬಂತು. ಈಗ ಗಂಡನೇ ಬೇರೆ, ಹೆಂಡತೀನೇ ಬೇರೆ."

"ಬೇರೆ ಆದ್ರೆ ನನಗೇ ಪ್ರಮಾಣ ಮಾಡಿಸಿ."

"ಅದು ಹೇಗಾಗತ್ತೆ? ವಕೀಲ ಆಗೋನು ಮತದಾರ ಆಗಿರಬೇಕು. ಹೆಂಗಸರಿಗೆಲ್ಲಿದೆ ಮತ?"

ಕ್ರೌಡರ್ ಒಳಗೆ ಹೋದವರು ಎಷ್ಟೋ ಹೊತ್ತಿನ ಮೇಲೆ ಕಂಕುಳಲ್ಲಿ ಎರಡು ಪುಸ್ತಕ ಇಟ್ಟುಕೊಂಡು ಬಂದರು. "ಹಳೇದು ಒಬ್ಬರು ಅನ್ನತ್ತೆ, ಹೊಸದು ಇಬ್ಬರು ಅನ್ನತ್ತೆ. ಹಳೇದರಲ್ಲಿ ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಬರೆದವರಿಗೂ ಗೊತ್ತಿದ್ದ ಹಾಗಿಲ್ಲ. ಅದು ಇತ್ಯರ್ಥ ಆಗೋವರೆಗೆ ಗೋರ್ಬಿ ಜೈಲಲ್ಲಿ ಕೊಳೀಬೇಕಾ? ನೀವು ಮಾತಾಡಿ ತಾಯಿ. ಯಾರಾಗಿ ಮಾತಾಡಿದ್ರಿ ಅಂತ ಆಮೇಲೆ ನೋಡೋಣ."

ಲವಿನಿಯಾ ದನಿ ಏರಿಸಲಿಲ್ಲ. ತನ್ನ ಕೈ ತನಗೇ ಕಾಣದಷ್ಟು ಮಂಜಿತ್ತು ಎಂದ ಸಾಕ್ಷಿಗೆ ದೂರದಲ್ಲಿದ್ದ ಗೋರ್ಬಿಯ ಟೋಪಿಯ ಬಣ್ಣ ಹೇಗೆ ಕಂಡಿತು ಎಂದು ಕೇಳಿ ಕೂತಳು.

ಜ್ಯೂರಿಯ ಕೋಣೆಯಲ್ಲಿ ಹಿಟ್ಟಿನ ಗಿರಣಿಯ ಯುರಾಯ ಹಣೆ ತಿಕ್ಕಿಕೊಂಡ. "ನಾವು ಕೇಳಿದ್ದು ವಾದಾನೋ, ಬರೀ ಮಾತೋ? ವಾದ ಅಲ್ಲ ಅಂದ್ರೆ ಮರೀಬೇಕಲ್ವಾ?"

"ಮರೆತು ನೋಡು," ಎಂದೆ.

ಅವನು ನಿಜಕ್ಕೂ ಕಣ್ಣು ಮುಚ್ಚಿ ಕೂತ. "ಆಗ್ತಿಲ್ಲ ಮಾರಾಯ. ಆ ಟೋಪೀನೇ ಕಾಣ್ತಾ ಇದೆ."

ಗೋರ್ಬಿ ಬಿಡುಗಡೆಯಾದ. ಸೈಲಸನ ಕೈ ಕುಲುಕಿದ. ಲವಿನಿಯಾಳ ಮುಂದೆ ಕೈ ಚಾಚಿ, ಹಿಂದೆಗೆದು, ಮತ್ತೆ ಚಾಚಿ, ಕೊನೆಗೆ ಏನೂ ತೋಚದೆ ಅವಳ ಛತ್ರಿ ಹಿಡಿದುಕೊಂಡು ಬಾಗಿಲವರೆಗೆ ಹೋದ.

ಮುಂದಿನ ವಾರ ಕ್ರೌಡರ್ ಅವರ ಜೀನು ರಿಪೇರಿ ಮಾಡಿ ಕೊಡಲು ಹೋದಾಗ ಅವರ ಮೇಜಿನ ಮುಂದೆ ಲವಿನಿಯಾ ನಿಂತಿದ್ದಳು. ತನ್ನ ಹೆಸರಿನಲ್ಲೇ ವಕೀಲಿಯ ಸನ್ನದು ಕೇಳಲು ಬಂದಿದ್ದಳು.

"ಆಗಲ್ಲ ತಾಯಿ," ಕ್ರೌಡರ್ ತಲೆ ಎತ್ತಲಿಲ್ಲ. "ನಿಮಗೆ ಮತ ಇಲ್ಲ."

"ಮತ್ತೆ ಹೋದ ವಾರ ನಾನು ಯಾರಾಗಿದ್ದೆ?"

"ಅದನ್ನೇ ನಾನೂ ಯೋಚನೆ ಮಾಡ್ತಿದೀನಿ. ಊಟ ಸೇರ್ತಿಲ್ಲ."

ನಾನು ಜೀನು ಇಳಿಸಿ ಅವಳ ಹಿಂದೆಯೇ ಹೊರಗೆ ಬಂದೆ. ಸಿಟ್ಟಿತ್ತೋ ನಗುವಿತ್ತೋ, ಅವಳ ಮುಖದಲ್ಲಿ ನನಗೆ ತಿಳಿಯಲಿಲ್ಲ.

"ಇನ್ನೇನು ಮಾಡ್ತೀರಿ ಅಮ್ಮಾವ್ರೆ?"

"ಸೈಲಸ್‌ಗೆ ಗಂಟಲು ಇನ್ನೂ ಬಿಟ್ಟಿಲ್ಲ," ಎಂದಳು ಕೈಗವಸು ತೊಡುತ್ತಾ. "ಸೋಮವಾರ ಪಕ್ಕದ ಜಿಲ್ಲೇಲಿ ಅವರದೊಂದು ಕೇಸಿದೆ. ಅಲ್ಲಿ ನ್ಯಾಯಾಧೀಶರು ಬೇರೆ. ಅವರೇನು ಹೇಳ್ತಾರೋ ಕೇಳಿ ಬರ್ತೀನಿ."