ಎಂಟು ಎಣಿಕೆಯ ಮೌನ

ನನ್ನ ತಮ್ಮ ಕಂಠಪ್ಪನಿಗೆ ಬುದ್ಧಿ ಇಲ್ಲ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಆ ಮಾತು ಆಡುವ ಹಕ್ಕು ಅಕ್ಕನಾದ ನನಗೊಬ್ಬಳಿಗೇ ಇರುವುದು. ಹೊಲ ಬಿಟ್ಟು ಮಡಿಕೇರಿಗೆ ಹೋದವನು, ಕಾಫಿ ತೋಟದ ದೊರೆಗಳ ಕ್ಲಬ್ಬಿನಲ್ಲಿ ಹನ್ನೆರಡು ವರ್ಷ ಸ್ಯಾಕ್ಸೊಫೋನಿನಲ್ಲಿ ಜಾಝ್ ಊದಿದ. ದೊರೆಗಳು ಹಡಗು ಹತ್ತಿದರು, ಇವನು ಬಸ್ಸು ಹತ್ತಿ ಹನಗೋಡಿಗೆ, ನಮ್ಮ ಮನೆಗೇ ಬಂದ. ಬಂದವನು ಸುಮ್ಮನಿದ್ದನೇ? ಸ್ವಂತ ಸಂಗೀತ ಬರೆಯುತ್ತೇನೆಂದು ಹುಣಸೂರಿನಿಂದ ಗೆರೆ ಕಾಗದ ತಂದು, ಅದರ ತುಂಬ ಇರುವೆ ಸಾಲಿನಂಥ ಗುರುತು ಹಾಕುತ್ತ ಕೂತ. ಅವನು ಊದಿದರೆ ಕೊಟ್ಟಿಗೆಯ ಎಮ್ಮೆ ಕೂಡ ಎದ್ದು ನಿಲ್ಲುತ್ತಿತ್ತು.

ಐವತ್ತಾರನೇ ಇಸವಿಯಲ್ಲಿ ನನ್ನ ಮಗಳಿಗೆ ಗಾವಡಗೆರೆಯ ಸಂಬಂಧ ಕೂಡಿಬಂತು.

"ಅಕ್ಕಾ, ಓಲಗದವ್ರು ಬ್ಯಾಡ, ನಾನೇ ಊದ್ತೀನಿ. ಮೂರು ತಿಂಗ್ಳು ಕೂತು ಬರ್ದಿವ್ನಿ ಕಣಕ್ಕ. ಒಂದ್ಸಲ ನಾಕು ಜನ ಕೇಳ್ಳಿ" ಎಂದ.

ಅವನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. "ಊದು. ಏನಾರ ಎಡವಟ್ಟಾದ್ರೆ ಆ ಹಿತ್ತಾಳೆ ಕೊಳವೆ ಅಟ್ಟ ಸೇರ್ಬೇಕು, ಮತ್ತೆ ಇಳೀಕೂಡ್ದು" ಎಂದೆ. ನನ್ನ ತಲೆ ಮುಟ್ಟಿ ಆಣೆ ಮಾಡಿದ.

ಡೋಲಿಗೆ ನಂಜಯ್ಯನನ್ನು ಒಪ್ಪಿಸಿ, ಅವನಿಗೂ ಪಾಠ ಹೇಳಿಕೊಟ್ಟ. ಮುಹೂರ್ತಕ್ಕೆ ಅಯ್ಯನವರು ಕೈ ಎತ್ತಿ "ಗಟ್ಟಿಮೇಳ!" ಎಂದರು. ತಾಳಿ ಕಟ್ಟುವಾಗ ಸೀನು, ಅಳು, ಕೆಟ್ಟ ಮಾತು ಕಿವಿಗೆ ಬೀಳದಿರಲಿ ಅಂತಲೇ ಅಲ್ಲವೇ ಮೇಳ ಗಟ್ಟಿಯಾಗಿ ಬಾರಿಸುವುದು? ಕಂಠಪ್ಪ ಊದಿದ, ನಂಜಯ್ಯ ಬಡಿದ. ಅಳಿಯನ ಕೈ ಮಗಳ ಕೊರಳ ಹತ್ತಿರ ಹೋಯಿತು. ಆಗ ಇಬ್ಬರೂ ಒಟ್ಟಿಗೆ ನಿಲ್ಲಿಸಿಬಿಟ್ಟರು!

"ಊದ್ಲಾ!" ಎಂದು ಹಲ್ಲು ಕಚ್ಚಿದೆ. ಅವನು ಕಣ್ಣು ಮುಚ್ಚಿ ಬೆರಳು ಮಡಿಸುತ್ತಿದ್ದ. ಬರೆದದ್ದರಲ್ಲಿ ಆ ಜಾಗಕ್ಕೆ ಎಂಟು ಎಣಿಕೆ ಮೌನವಂತೆ. ಅದೇ ಅದರ ಜೀವವಂತೆ. ಅವನ ತಲೆ!

ಮೂರನೇ ಬೆರಳಿಗೆ ಗಂಡಿನ ಸೋದರತ್ತೆ ಪುಟ್ಟಮಲ್ಲಮ್ಮ "ಆಕ್ಷೀ!" ಎಂದು ಸೀನಿದರು. ಒಂಟಿ ಸೀನು. ಬೀಗರು ಬೆಟ್ಟಸ್ವಾಮಿ ಎದ್ದು ನಿಂತರು.

"ಅಪಶಕುನ ಕಣ್ರೀ! ತಾಳಿ ಕೆಳಗಿಡ್ಲಾ ಮಗ!"



ಅಷ್ಟರಲ್ಲಿ ಚಪ್ಪರದ ಮೂಲೆಯಿಂದ ಇನ್ನೊಂದು "ಆಕ್ಷೀ!" ಅದೇ ಮೂಗು, ಅದೇ ಎಳೆತ. ಕೊಳವೆ ಕಚ್ಚಿದ್ದ ಕಂಠಪ್ಪನ ಕೆನ್ನೆ ಉಬ್ಬಿದ್ದನ್ನು ನಾನು ನೋಡಿದೆ. ತಪ್ಪು ತಮ್ಮ ತಲೆಗೆ ಬಂದೀತೆಂದು ಹೆದರಿದ್ದ ಪುಟ್ಟಮಲ್ಲಮ್ಮ ಕೂಗಿಕೊಂಡರು: "ಜೋಡಿ ಸೀನು ಕಣ್ರಪ್ಪೋ, ಶುಭ! ಎರಡೂ ನಂದೇಯ! ಕಟ್ಟುಸ್ರೀ!"

ನಂಜಯ್ಯ ಎಣಿಕೆ ಬಿಸಾಕಿ ಡೋಲು ಬಡಿದ. ತಾಳಿ ಮಗಳ ಕೊರಳಿಗೆ ಬಿತ್ತು.

ಊಟದ ಹೊತ್ತಿಗೆ ಬೆಟ್ಟಸ್ವಾಮಿ ಕಂಠಪ್ಪನ ಪಕ್ಕ ಕೂತು ನಕ್ಕರು. "ನಮ್ಮಕ್ಕನ ಸೀನು ಐವತ್ತು ವರ್ಸದಿಂದ ಕೇಳಿವ್ನಿ ಕಣ್ರೀ. ರಾವಂದೂರಲ್ಲಿ ನನ್ನ ಕಿರಿಮಗನ ಮದ್ವೆಗೂ ಬನ್ನಿ. ಮಿಕ್ಕಿದ್ದು ಬ್ಯಾಡ, ಅದೊಂದು ಸೀನು ಊದುದ್ರೆ ಸಾಕು."

ಮಾರನೇ ದಿನ ನೋಡಿದರೆ ಕಂಠಪ್ಪ ಕೊಳವೆ ಹಿಡಿದು ಅಟ್ಟದ ಏಣಿ ಹತ್ತುತ್ತಿದ್ದ. "ಎಡವಟ್ಟಾಯ್ತಲ್ಲಕ್ಕ. ಎಲ್ಲಾರ್ಗೂ ಸೀನು ಬೇಕು. ಬರ್ದದ್ದು ಯಾರ್ಗೂ ಬ್ಯಾಡ."

ನನಗೆ ಅಳುವೂ ಬಂತು, ಕೋಪವೂ ಬಂತು.

"ಇಳಿಯೋ ಮುಟ್ಠಾಳ. ಆಣೆ ನನ್ ಮೇಲ್ ತಾನೇ ಇಟ್ಟಿದ್ದು? ನಾನೇ ಬುಟ್ಟಿವ್ನಿ. ಮೊದ್ಲಿಂದ ಊದು, ನಾನು ಕೇಳ್ಬೇಕು."

ಜಗಲಿಯ ಮೇಲೆ ಕೂತು ಮೊದಲಿಂದ ಊದಿದ. ಆ ಮೌನ ಬಂದಾಗ ನಾನು ಗಟ್ಟಿಯಾಗಿ ಮೂಗು ಹಿಡಿದುಕೊಂಡು, ಎಂಟು ಎಣಿಸುವವರೆಗೂ ಬಿಡಲಿಲ್ಲ.